ಗುಂಡು ಮೇಸ್ತ್ರಿ ಕಟ್ಟಿದ ಗೋಡೆ

ಜುಲೈ ಹತ್ತು, ಬುಧವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿಗೆ ಪೇದೆ ಬೆಂಚು ತೋರಿಸಿದರೂ ಅವಳು ಕೂರಲಿಲ್ಲ. ನೆಟ್ಟಗೆ ಇನ್ಸ್‌ಪೆಕ್ಟರ ಮೇಜಿನ ಮುಂದೆ ಬಂದು ನಿಂತಳು. ಹಿಂದಿನ ದಿನ ಬೆಳಿಗ್ಗೆ ಗುಡ್ಡದ ಬಡಾವಣೆಯಲ್ಲಿ ತಡೆಗೋಡೆ ಬಿದ್ದು ಸತ್ತ ಕಾಂಕ್ರೀಟ್ ಮೇಸ್ತ್ರಿಯ ಹೆಂಡತಿ ಅವಳು. ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡು ಇಲ್ಲದೆ ಮನೆಯಿಂದ ಹೊರಗೆ ಕಾಲಿಡದವನಾದ್ದರಿಂದ ಆ ಮೇಸ್ತ್ರಿಯನ್ನು ಎಲ್ಲರೂ ಗುಂಡು ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

"ಅಸಹಜ ಸಾವು ಅಂತ ನಿನ್ನೆನೇ ಕೇಸ್ ದಾಖಲಾಗಿದೆಯಲ್ಲಮ್ಮ," ಎಂದರು ಇನ್ಸ್‌ಪೆಕ್ಟರ್.

"ಅದು ಸಾಲದು ಸಾರ್. ತಾನೇ ಕಟ್ಟಿದ ಕಳಪೆ ಗೋಡೆ ಕೆಳಗೆ ತಾನೇ ಸತ್ತ ಅಂತ ಊರೆಲ್ಲ ಆಡ್ಕೊಳ್ತಿದೆ. ಬಿದ್ದವನಿಗೆ ಆಳಿಗೊಂದು ಕಲ್ಲು. ಆ ಗೋಡೆಗೆ ಕಂಬಿ ಕಟ್ಟಿದವಳು ನಾನು. ಆರಿಂಚಿಗೊಂದು ಕಂಬಿ, ಒಂದೂ ತಪ್ಪಿಲ್ಲ. ಅದು ತಾನಾಗೇ ಬೀಳೋ ಗೋಡೆ ಅಲ್ಲ."

"ಯಾರ ಮೇಲೆ ಅನುಮಾನ?"

"ಯಾರ ಮೇಲೂ ಇಲ್ಲ. ಹುಡುಕೋದು ನಿಮ್ಮ ಕೆಲಸ."

ಮಹಿಳಾ ಪೇದೆ ದೂರು ಬರೆದುಕೊಂಡಳು. ಹೆಂಗಸು ಓದಿಸಿ ಕೇಳಿ, 'ಕಳಪೆ' ಎನ್ನುವ ಪದ ಇರುವ ಸಾಲನ್ನು ಇನ್ನೊಮ್ಮೆ ಓದಿಸಿ, ಆಮೇಲೆ ಸಹಿ ಹಾಕಿದಳು. ಹತ್ತು ಗಂಟೆಗೆ ಎಫ್‌ಐಆರ್ ಆಯಿತು. ಆರೋಪಿಯ ಜಾಗದಲ್ಲಿ 'ಅಪರಿಚಿತರು'.

ಹನ್ನೊಂದಕ್ಕೆ ಜೀಪು ಗುಡ್ಡ ಹತ್ತಿತು. ಮೆಟ್ಟಿಲು ಕಡಿದಂತೆ ಒಂದರ ಮೇಲೊಂದು ನಿವೇಶನಗಳು. ಪ್ರತಿ ಮೇಲಿನ ಮನೆಯ ಅಂಗಳವನ್ನು ಒಂದು ಗೋಡೆ ಹಿಡಿದು ನಿಲ್ಲಿಸಿದೆ. ಬಿದ್ದದ್ದು ಅಂಥದ್ದೇ ಒಂದು ಗೋಡೆ. ಉದ್ದ ನಲವತ್ತೈದು ಅಡಿ, ಎತ್ತರ ಒಂಬತ್ತು, ಹದಿನೈದು ಅಡಿಯ ಮೂರು ತುಂಡುಗಳು. ನಡುವಿನ ತುಂಡು ಮಾತ್ರ ಕೆಳಮನೆಯ ಹಿತ್ತಲಿಗೆ ಕವುಚಿ ಬಿದ್ದಿತ್ತು. ಅದರ ಮೇಲೆ ಕಪ್ಪು ಎರೆಮಣ್ಣು ಅಂಟಂಟಾಗಿ ಜಾರಿ ಬಂದಿತ್ತು. ಎಂಟು ದಿನದಿಂದ ಬಿಡದೆ ಸುರಿದ ಮಳೆ ಆಗಷ್ಟೇ ನಿಂತಿತ್ತು. ಮೋಡ ಮಾತ್ರ ಕರಗಿರಲಿಲ್ಲ.

ಮೇಲ್ಮನೆಯ ಯಜಮಾನರು ಕೊಡೆ ಹಿಡಿದು ಗೇಟಿನಲ್ಲೇ ಎದುರಾದರು. "ಈ ಅವಶೇಷ ಇವತ್ತೇ ಎತ್ತಿಸ್ತೀನಿ ಸಾರ್. ಜೆಸಿಬಿ ಹೇಳಿದೀನಿ."

"ಒಂದು ಕಲ್ಲು ಕದಲಿದರೂ ಜೆಸಿಬಿ ಜೊತೆಗೆ ನೀವೂ ಠಾಣೆಗೆ ಬರಬೇಕಾಗುತ್ತೆ."

ಪಂಚರ ಸಮಕ್ಷಮದಲ್ಲಿ ಸ್ಥಳ ಪಂಚನಾಮೆ ನಡೆಯಿತು. ಟೇಪು ಹಿಡಿದು ಕಂಬಿಗಳ ಅಂತರ ಅಳೆದರು. ಆರಿಂಚು. ಎಲ್ಲೆಲ್ಲೂ ಆರಿಂಚು. ಕಾಂಕ್ರೀಟಿನ ಚೂರುಗಳನ್ನು ಪರೀಕ್ಷೆಗೆ ಚೀಲದಲ್ಲಿ ತುಂಬಿ ಅರಗು ಹಾಕಿದರು. ಇನ್ಸ್‌ಪೆಕ್ಟರ್ ಮಾತ್ರ ಒಂದು ಕಡೆ ನಿಲ್ಲಲಿಲ್ಲ; ಗೋಡೆಯ ಈ ತುದಿಗೆ ಹೋಗಿ ಆ ತುದಿಗೆ ಬಂದು ಮತ್ತೆ ಹೊರಟರು. "ಸಾಹೇಬ್ರ ಕಾಲಿಗೆ ಚಕ್ರ ಇದೆ," ಎಂದು ಪೇದೆಯೊಬ್ಬ ಗೊಣಗಿದ. ಅವರ ಕಣ್ಣು ಇದ್ದದ್ದು ಇನ್ನೂ ನಿಂತಿದ್ದ ಎರಡು ತುಂಡುಗಳ ಮೇಲೆ. ಬಲಗಡೆಯದರಲ್ಲಿ ಕೂದಲೆಳೆಯಷ್ಟು ಬಿರುಕು. ಬೆಳಿಗ್ಗೆ ಸೈಟ್ ಎಂಜಿನಿಯರ್ ಆ ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ ಹೋಗಿದ್ದ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ.

"ಸಾರ್, ಎಂಟು ದಿನ ಮಳೆ ಬಂದಿದೆ. ಆದರೂ ಈ ಪೈಪುಗಳಲ್ಲಿ ಒಂದು ಹನಿ ಬರ್ತಿಲ್ಲ," ಎಂದಳು ಮಹಿಳಾ ಪೇದೆ.

ಗೋಡೆಯ ತಳದಲ್ಲಿ ಮೂರು ಅಡಿಗೊಂದು ಸೋರು ಪೈಪು ಇತ್ತು. ಹೆಚ್ಚಿನವು ಹಬ್ಬಿದ ಬಳ್ಳಿಯ ಮರೆಯಲ್ಲಿದ್ದವು. ಅವಳು ಎಲೆ ಸರಿಸಿ ಬೆರಳು ತೂರಿಸಿದಳು. ಬೆರಳು ಗಟ್ಟಿ ಸಿಮೆಂಟಿಗೆ ತಾಕಿತು.

ಮಧ್ಯಾಹ್ನ ಹನ್ನೆರಡೂವರೆಗೆ ಎಂಜಿನಿಯರ್ ಬಂದ. ಪೈಪು ನೋಡಿ ತಾನೂ ಬೆರಳು ತೂರಿಸಿದ.

"ಇದನ್ನ ನಾವು ಮುಚ್ಚಿಲ್ಲ ಸಾರ್. ಯಾರೂ ಮುಚ್ಚಲ್ಲ."

"ಮುಚ್ಚಿದರೆ?"

"ಇದು ಎರೆಮಣ್ಣು. ಬಿಸಿಲಿಗೆ ಬಿರಿಯುತ್ತೆ, ನೀರು ಕುಡಿದರೆ ಉಬ್ಬುತ್ತೆ. ಇಳಿಜಾರಲ್ಲಿ ಉಬ್ಬಿದರೆ ಕೆಳಗಡೆಗೇ ನೂಕುತ್ತೆ. ಅದಕ್ಕೇ ಗೋಡೆ ಹಿಂದೆ ಜಲ್ಲಿ ತುಂಬಿ, ನೀರು ಹೊರಗೆ ಬರಲಿ ಅಂತ ಪೈಪು ಬಿಡೋದು. ಮುಚ್ಚಿಬಿಟ್ಟರೆ ಗೋಡೆ ಹಿಂದೆ ಒಂದು ಕೆರೆ ಕಟ್ಟಿದ ಹಾಗೆ."

"ಇನ್ನೂ ನಿಂತಿರೋ ಈ ಎರಡು ತುಂಡು?"

"ಇವತ್ತು ಮತ್ತೆ ಮಳೆ ಬಂದರೆ ಹೇಳೋಕಾಗಲ್ಲ ಸಾರ್."

ಕೆಳಮನೆಯಲ್ಲಿ ಇಬ್ಬರಿದ್ದರು: ಬಡಾವಣೆಯವರು ಟೈಲರ್ ಅಕ್ಕ ಎಂದು ಕರೆಯುವ ಐವತ್ತರ ಹೆಂಗಸು, ಅವಳ ವೃದ್ಧ ತಾಯಿ. ಮನೆ ಖಾಲಿ ಮಾಡಿ ಎಂದಾಗ ಮುದುಕಿ ಮಂಚದ ಸರಳು ಹಿಡಿದು ಕೂತುಬಿಟ್ಟಳು. ಕೊನೆಗೆ ಮಹಿಳಾ ಪೇದೆ ಅವಳನ್ನು ಕೈಹಿಡಿದು ನಡೆಸಿಕೊಂಡು ಎದುರು ಮನೆಗೆ ತಲುಪಿಸಬೇಕಾಯಿತು. ದಾರಿಯುದ್ದಕ್ಕೂ ಮುದುಕಿ ಕೇಳಿದ್ದು ಒಂದೇ ಮಾತು: "ಆ ಮನೇಲಿ ಬಾಗಿಲು ಹಾಕಲ್ಲ ತಾನೇ?"

ಸಂಜೆ ಮೇಸ್ತ್ರಿಯ ಫೋನಿನ ವಿವರ ಬಂತು. ಸಾಯುವ ದಿನ ಬೆಳಿಗ್ಗೆ ಒಂಬತ್ತು ಐವತ್ತೆರಡಕ್ಕೆ ಕೊನೆಯ ಕರೆ, ಟೈಲರ್ ಅಕ್ಕನಿಂದ. ಗೋಡೆ ಬಿದ್ದದ್ದು ಹತ್ತು ನಲವತ್ತಕ್ಕೆ.

"ನೀವೇ ಕರೆದದ್ದಾ?"

"ಹೌದು. ಗೋಡೆ ಹೊಟ್ಟೆ ಬಂದ ಹಾಗೆ ಕಾಣ್ತು. ಭಯ ಆಯ್ತು."

"ಬಂದು ಏನು ಮಾಡಿದ?"

"ನಮ್ಮನ್ನ ಒಳಗೆ ಹೋಗಿ ಅಂದ್ರು. ಉಳಿ ತಗೊಂಡು ಪೈಪು ಬಿಡಿಸೋಕೆ ಶುರು ಮಾಡಿದ್ರು."

"ಪೈಪು ಮುಚ್ಚಿದ್ದು ಯಾರು?"

"ನಂಗೊತ್ತಿಲ್ಲ."

ಅವಶೇಷದ ಅಡಿಯಲ್ಲಿ ಸಿಕ್ಕ ನಾಲ್ಕು ಪೈಪುಗಳಲ್ಲಿ ಎರಡನ್ನು ಉಳಿಯಿಂದ ಬಿಡಿಸಲಾಗಿತ್ತು. ಮೂರನೆಯದರ ಸಿಮೆಂಟಿನಲ್ಲಿ ಉಳಿಯ ಮೊದಲ ಗುರುತು ಮಾತ್ರ.

ಆ ರಾತ್ರಿ ಮಳೆ ಬರಲಿಲ್ಲ. ಗುರುವಾರ ಬೆಳಿಗ್ಗೆ ಏಳಕ್ಕೆ ಇನ್ಸ್‌ಪೆಕ್ಟರ್ ಮುಖ ಕೂಡ ಸರಿಯಾಗಿ ತೊಳೆಯದೆ ಗುಡ್ಡಕ್ಕೆ ಬಂದರು. ಗಾಜಿನ ಪಟ್ಟಿ ಎರಡು ತುಂಡಾಗಿತ್ತು. ಮರದ ದಿಮ್ಮಿಗಳಿಂದ ಗೋಡೆಗೆ ಆಸರೆ ಕೊಡಿಸಿ, ಉದ್ದ ಸರಳಿನ ಡ್ರಿಲ್ಲಿನಿಂದ ದೂರದಲ್ಲೇ ನಿಂತು ಒಂದೊಂದೇ ಪೈಪು ಕೊರೆಸಿದರು. ಮೊದಲನೆಯದು ತೆರೆದೊಡನೆ ಕಪ್ಪು ನೀರು ಒಂದಾಳುದ್ದ ಚಿಮ್ಮಿತು. ಎಂಟೂ ಪೈಪು ತೆರೆಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ನೀರು ಸಂಜೆಯವರೆಗೂ ಹರಿಯುತ್ತಲೇ ಇತ್ತು.

ನೀರಿನೊಡನೆ ಬಟ್ಟೆಯ ತುಂಡುಗಳೂ ಬಂದವು. ಸಿಮೆಂಟು ಒಳಕ್ಕೆ ಜಾರದಂತೆ ಮೊದಲು ಬಟ್ಟೆ ತುರುಕಿ ಆಮೇಲೆ ಮೆತ್ತಿದ್ದರು. ಮಹಿಳಾ ಪೇದೆ ಒಂದನ್ನು ತೊಳೆದು ಅಂಗೈ ಮೇಲೆ ಹರಡಿದಳು. ನೀಲಿ ಚೌಕಳಿ. ಅಂಚು ಹಲ್ಲುಹಲ್ಲಾಗಿ ಕತ್ತರಿಸಿತ್ತು.

"ಇದು ಮನೆ ಕತ್ತರಿ ಅಲ್ಲ ಸಾರ್. ನೂಲು ಬಿಡಬಾರದು ಅಂತ ಟೈಲರ್‌ಗಳು ಹೀಗೆ ಕತ್ತರಿಸ್ತಾರೆ."

"ಕೆಳಮನೇಲಿ ಈ ಬಟ್ಟೆ ಇದೆಯಾ?"

"ಹೊಲಿಗೆ ಮಿಷಿನ್ ಪಕ್ಕ ಒಂದು ಮೂಟೆ. ಶಾಲೆ ಯೂನಿಫಾರ್ಮ್."

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ. ಮಹಿಳಾ ಪೇದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ಸ್‌ಪೆಕ್ಟರ್ ಎರಡು ಬಟ್ಟೆ ತುಂಡುಗಳನ್ನು ಮೇಜಿನ ಮೇಲಿಟ್ಟರು. ಪೈಪಿನದು, ಮೂಟೆಯದು. ಟೈಲರ್ ಅಕ್ಕ ಅವನ್ನು ನೋಡಿದವಳು ಮತ್ತೆ ತಲೆ ಎತ್ತಲಿಲ್ಲ.

"ಯಾವಾಗ ಮುಚ್ಚಿದ್ದು?"

"ಏಪ್ರಿಲ್‌ನಲ್ಲಿ. ಒಣಗಿದ್ದಾಗ. ಹನ್ನೆರಡೂ ನಾನೇ ಮುಚ್ಚಿದೆ."

"ಯಾಕೆ?"

ಅವಳು ಹೇಳತೊಡಗಿದಳು. ಹೋದ ಮಳೆಗಾಲದಲ್ಲಿ ಆ ಪೈಪುಗಳ ನೀರೆಲ್ಲ ಅವಳ ಹಿತ್ತಲಿಗೆ ಇಳಿದು ಮನೆಯ ಕೆಳಗಿನ ಮಣ್ಣು ಉಬ್ಬಿತ್ತು. ಬಚ್ಚಲಮನೆಯ ನೆಲ ಒಂದಿಂಚು ಮೇಲೆದ್ದಿತು. ಹೊಲಿದ ಯೂನಿಫಾರ್ಮ್ ಕೊಟ್ಟು ಬರಲು ಅವಳು ಶಾಲೆಗೆ ಹೋಗಿದ್ದ ದಿನ ತಾಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ನೆಲಕ್ಕೆ ಕಚ್ಚಿಕೊಂಡಿತು. ದೀಪದ ಸ್ವಿಚ್ಚು ಹೊರಗಡೆ. ಹನ್ನೊಂದರಿಂದ ಎರಡೂವರೆವರೆಗೆ ಮುದುಕಿ ಕತ್ತಲಲ್ಲಿ ಬಾಗಿಲು ಬಡಿದಳು. ಮಗಳು ಬಂದು ಒಡೆದು ತೆಗೆದಾಗ ಅವಳ ಎರಡೂ ಅಂಗೈ ಊದಿದ್ದವು.

"ಅವತ್ತಿಂದ ಅಮ್ಮ ನಿದ್ದೇಲೂ ಗೋಡೆ ಬಡೀತಾರೆ ಸಾರ್. ಮೇಲ್ಮನೆಯವರನ್ನ ಮೂರು ಸಲ ಕೇಳ್ಕೊಂಡೆ, ಒಂದು ಚರಂಡಿ ಮಾಡಿಸಿ ಅಂತ. 'ನೀರು ಕೆಳಗೇ ಹರಿಯೋದಮ್ಮ, ಮೇಲಕ್ಕೆ ಹರಿಯುತ್ತಾ?' ಅಂತ ನಕ್ಕರು. ಎಂಜಿನಿಯರ್ ನೋಡೋಣ ಅಂದ. ಈ ಮಳೆಗಾಲಕ್ಕೂ ಹಾಗೇ ಆದರೆ ಅಮ್ಮ ಉಳಿಯಲ್ಲ ಅನ್ನಿಸ್ತು."

"ಮಂಗಳವಾರ ಮೇಸ್ತ್ರಿ ಏನು ಕೇಳಿದ?"

ಅವಳು ಸೆರಗಿನ ಅಂಚು ಮಡಿಸುತ್ತ ಕೂತಳು. ಇನ್ಸ್‌ಪೆಕ್ಟರ್ ಎದ್ದು ಕಿಟಕಿಯವರೆಗೆ ಹೋಗಿ ಬಂದರು. ಆದರೂ ಅವಸರಪಡಿಸಲಿಲ್ಲ.

"'ಇದನ್ನ ಯಾರು ಮುಚ್ಚಿದ್ದು ಅಕ್ಕಾ?' ಅಂದ್ರು. ಗೊತ್ತಿಲ್ಲ ಅಂದೆ. 'ಎಷ್ಟು ಮುಚ್ಚಿದಾರೆ?' ಅಂದ್ರು. ಈ ನಡುವಿನ ನಾಲ್ಕೇ ಇರಬೇಕು ಅಂದೆ. 'ನಾಲ್ಕೇ ಆದ್ರೆ ಪರವಾಗಿಲ್ಲ, ನಾನೇ ಬಿಡಿಸ್ತೀನಿ' ಅಂತ ಕೂತ್ರು. ಹನ್ನೆರಡೂ ಅಂತ ಹೇಳಿದ್ರೆ ಅವರು ಹತ್ತಿರ ಹೋಗ್ತಿರಲಿಲ್ಲ. ನಾಚಿಕೆ ಆಯ್ತು ಸಾರ್. ಅಷ್ಟೇ. ನಾಚಿಕೆಗೆ ಸುಳ್ಳು ಹೇಳ್ದೆ."

ನಾಲ್ಕು ಹತ್ತಕ್ಕೆ ಬಂಧನ. ನಿರ್ಲಕ್ಷ್ಯದಿಂದ ಸಾವು ಎಂದು ಕಲಮು ಸೇರಿಸಿದರು. ಗೋಡೆಯ ನಕ್ಷೆ ತರಿಸಿ ನೋಡಿದಾಗ ಬುಡದಲ್ಲಿ ಚರಂಡಿ ಬರೆದಿತ್ತು. ಮೇಲ್ಮನೆಯ ಯಜಮಾನರು ಅದನ್ನು ಮಾಡಿಸಿರಲೇ ಇಲ್ಲ. ಅವರಿಗೂ ಎಂಜಿನಿಯರಿಗೂ ಆ ಸಂಜೆಯೇ ನೋಟಿಸು ಹೋಯಿತು. ಮುದುಕಿಯನ್ನು ಕರೆದೊಯ್ಯಲು ಮಗ ಸೊಸೆ ಬಂದರು. ಅವರ ಮನೆಯಲ್ಲಿ ಬಾಗಿಲು ಹಾಕಬಾರದೆಂಬ ವಿಷಯವನ್ನು ಮಹಿಳಾ ಪೇದೆ ಸೊಸೆಗೆ ಬಿಡಿಸಿ ಹೇಳಿ ಕಳಿಸಿದಳು.

ಶನಿವಾರ ಮೇಸ್ತ್ರಿಯ ಹೆಂಡತಿಯನ್ನು ಕರೆಸಿದರು. ಕಂಬಿ ಕಟ್ಟಿದ್ದರಲ್ಲಿ ದೋಷವಿಲ್ಲ ಎಂಬ ಪಂಚನಾಮೆಯ ಸಾಲನ್ನು ಇನ್ಸ್‌ಪೆಕ್ಟರ್ ತಾವೇ ಓದಿ ಹೇಳಿದರು. ಅವಳು ತಲೆಯಾಡಿಸಿದಳು. ಆಮೇಲೆ ಕಾರಣ ಕೇಳಿದಳು. ಬಚ್ಚಲಮನೆ, ಮೂರೂವರೆ ಗಂಟೆ, ಊದಿದ ಅಂಗೈ, ಏನನ್ನೂ ಬಿಡದೆ ಹೇಳಿದರು.

"ನಮ್ಮವರಿಗೆ ಯಾಕೆ ಹೇಳಲಿಲ್ಲವಂತೆ?"

"ಅವನು ಕೆಲಸದವನು, ಅವನ ಕೈಲೇನಿದೆ ಅಂದ್ಕೊಂಡಳಂತೆ."

"ಬಾಗಿಲ ತಳ ಒಂದಿಂಚು ಹೆರೆದರೆ ಮುಗೀತಿತ್ತಲ್ಲ ಸಾರ್," ಎಂದಳು ಅವಳು. "ಅರ್ಧ ದಿನದ ಕೆಲಸ. ಅವರೇ ಬಂದು ಮಾಡ್ಕೊಡ್ತಿದ್ರು."

ಇನ್ಸ್‌ಪೆಕ್ಟರ್ ನಾಲ್ಕು ದಿನದಲ್ಲಿ ಮೊದಲ ಸಲ ಕುರ್ಚಿಗೆ ಬೆನ್ನು ಆನಿಸಿ ಕೂತಿದ್ದರು. ಅವಳು ಹೇಳಿಕೆಗೆ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು ಹೊರಟಳು.