ಪ್ರಿಂಟರ್ ಬರೆದ ಮೂಗರ್ಜಿ

ಗುಂಡಕಲ್ಲು ನನ್ನ ನೆತ್ತಿ ಮ್ಯಾಲೆ ನಿಂತಿತ್ತು!

ಎರಡೂ ಕೈಲೆ ಎತ್ತಿ ಹಿಡದಾವ್ರು ಹತ್ತಿ ವ್ಯಾಪಾರಿ ಶಾಂತಯ್ಯನವರು.

"ಸರೀ ಸುಲ್ತಾನಾ! ಇವತ್ತ ಈ ಪ್ರಿಂಟರ್ ಜಜ್ಜಿ ಬಿಡ್ತೇನಿ!"

"ಕಾಕಾ... ಅದು ನನ್ನ ತೊಡಿ ಮ್ಯಾಲೆ ಐತ್ರಿ!"

"ಅದಕ್ಕ ಸರೀ ಅಂದೆ!"

ನಾ ಸರಿಲಿಲ್ಲ. ಕೇಶ್ವಾಪುರದಾಗ ನನ್ನ ರಿಪೇರಿ ಅಂಗಡಿ ಐತ್ರಿ. ಲ್ಯಾಪ್‌ಟಾಪ್, ರೌಟರ್, ಪ್ರಿಂಟರ್... ಪೊಲೀಸರ ಕಡೆ ಹೋಗಾಕ ನಾಚಿಕಿ ಪಡೋ ಕೇಸೆಲ್ಲಾ ನನ್ನ ಕಡೆ ಬರ್ತಾವು. ನಾ ಯಾರಿಗೂ ಹೆದರಾಕಿ ಅಲ್ಲ. ಗುಂಡಕಲ್ಲಿಗೆ ಸ್ವಲ್ಪ ಹೆದರ್ತೇನಿ, ಸುಳ್ಳ್ಯಾಕ ಹೇಳ್ಲಿ?

ಕೇಸು ಹಿಂಗಿತ್ತು. ಬೈರಿದೇವರಕೊಪ್ಪದಾಗ ಶಾಂತಯ್ಯನವರ ಮನಿ. ಬರೂ ರವಿವಾರ ಮಗಳು ಆರತಿದು ನಿಶ್ಚಯ. ಹುಡುಗ ಧಾರವಾಡದ ವಿಶಾಲ. ಎಲ್ಲಾ ಛಲೋ ನಡದಿತ್ತು. ಈ ವಾರ ಏನಾತೋ ಏನೋ... ದಿನಾ ಮಧ್ಯಾಹ್ನ ಮನ್ಯಾಗಿನ ಪ್ರಿಂಟರ್ ತಾನ ಎದ್ದು ಒಂದು ಹಾಳಿ ಉಗುಳಾಕತ್ತಿತ್ತು!

ನಿನ್ನಿ ಹಾಳಿ ನನ್ನ ಕೈಯಾಗ ಇತ್ತು.

"ವಿಶಾಲ ಕುಡಕ. ಇಸ್ಪೀಟ ಆಡ್ತಾನ. ಭಾಳ ಮಂದಿ ಹಲ್ಲು ಉದುರಿಸ್ಯಾನ. ಈ ಸಂಬಂಧ ಬಿಡ್ರಿ. ಇಂತಿ, ಹಿತಚಿಂತಕ."

ಮೂಗರ್ಜಿ!

ನಮ್ಮ ಕಡೆ ಇದೇನು ಹೊಸಾದಲ್ಲ ಬಿಡ್ರಿ. ಲಗ್ನ ಗೊತ್ತಾದ ಕೂಡ್ಲೆ ಹೆಸರಿಲ್ಲದ ಪತ್ರ ಒಂದರ ಬಂದ ಬರತೈತಿ. ಆದ್ರ ಪೋಸ್ಟಿನ್ಯಾಗ ಬರತೈತಿ! ಹುಡುಗಿ ಮನಿ ಪ್ರಿಂಟರ್‌ನ್ಯಾಗ, ಅವರದ ಹಾಳಿ, ಅವರದ ಶಾಯಿಲೆ ಬಂದಿದ್ದು ನಾ ಎಲ್ಲೂ ಕಂಡಿದ್ದಿಲ್ಲ.

"ಇನ್ನೊಂದು ಬಂತೋ, ಸಂಬಂಧ ಮುರದಂಗ!" ಶಾಂತಯ್ಯನವರು ಗುಡುಗಿದ್ರು. "ನನ್ನ ಮನಿ ಪ್ರಿಂಟರಿಗೇ ಗೊತ್ತಾಗೇತಿ ಅಂದ್ರ ಊರಿಗೆ ಗೊತ್ತಿರೂದಿಲ್ಲೇನು?"

ಆರತಿ ನನ್ನ ಬಾಜೂಕ ಬಂದು ಕುಂತ್ಲು. ಅತ್ತು ಅತ್ತು ಕಣ್ಣು ಕೆಂಪಗಾಗಿದ್ವು. ಫೋನಿನ್ಯಾಗ ಹುಡುಗನ ಫೋಟೋ ತೋರಿಸಿದ್ಲು. ಪಾಪ, ಕನ್ನಡಕದ ಹುಡುಗ.

"ಅಕ್ಕಾ... ನನಗ ಇಂವ ಭಾಳ ಪಸಂದ ಅದಾನ. ಇದನ್ನ ಯಾರು ಮಾಡಾಕತ್ತಾರ, ಹಿಡದು ಕೊಡ್ರಿ."

ಹಿಡದ ಕೊಡ್ತೇನಿ ಅಂದೆ.

ರೌಟರ್ ಸೆಟ್ಟಿಂಗ್ ತೆಗದೆ. ಕೀಲಿ ಗಟ್ಟಿ ಇತ್ತು. ಪಾಸ್‌ವರ್ಡ್ ಮಾರುದ್ದ! ಖುದ್ದ ನನಗೂ ಒಡಿಯಾಕ ಆಗ್ತಿದ್ದಿಲ್ಲ. ಆದ್ರ ಆ ವೈಫೈಗೆ ಇಲ್ಲೀತನಕಾ ಸೇರಿದ ಫೋನಿನ ಲಿಸ್ಟ್ ಎರಡ ಸಲಾ ಓದಿದೆ.

ಮನ್ಯಾಗ ಇರಾವ್ರು ಮೂರ ಮಂದಿ. ಲಿಸ್ಟಿನ್ಯಾಗ ಇಡೀ ಓಣಿ!

"ಕಾಕಾ... ಪಾಸ್‌ವರ್ಡ್ ಯಾರಿಗೆ ಹೇಳೀರಿ?"

"ಯಾರಿಗೂ ಇಲ್ಲ! ಜೀವಾ ಹೋದ್ರೂ ಹೇಳಂಗಿಲ್ಲ!"

ಅಷ್ಟ್ರಾಗ ಅವರವ್ವ ಶರಣವ್ವಜ್ಜಿ ಬಂದ್ಲು. ಒಂದು ಕೈಯಾಗ ನೀರಿನ ತಂಬಿಗಿ, ಇನ್ನೊಂದ್ರಾಗ ಬೆಲ್ಲದ ಚೂರು.

"ತಗೋ ಯವ್ವಾ, ಬೆಲ್ಲಾ ತಿಂದು ನೀರ ಕುಡಿ. ವೈಫೈ ಹಚ್ಚಿಕೊಂಡ್ಯಾ? ತಡಿ, ಪಾಸ್‌ವರ್ಡ್ ಹೇಳ್ತೇನಿ..."

"ಯವ್ವಾ!!" ಶಾಂತಯ್ಯನವರು ಗುಂಡಕಲ್ಲು ಸಮೇತ ಅಜ್ಜಿ ಕಡೆ ತಿರುಗಿದ್ರು. "ಎಷ್ಟ ಮಂದಿಗೆ ಹೇಳೀದಿ?"

"ಬಂದಾವ್ರಿಗೆಲ್ಲಾ! ಹಾಲಿನಾವ, ಕಾಯಿಪಲ್ಲೆ ಮೌಲಾಬಿ, ಸಿಲಿಂಡರ್ ತರಾವ... ಬಾಗಲಕ್ಕ ಬಂದಾವ್ರು ಕೇಳಿದ್ರ ಇಲ್ಲ ಅನ್ನಬೇಕೇನೋ? ನಮ್ಮದು ದಾಸೋಹದ ಮನಿ!"

ಅಯ್ ಶಿವನ... ವೈಫೈ ದಾಸೋಹ!

ಈಗ ಕೇಳ್ರಿ. ಈ ಮನಿ ಪ್ರಿಂಟರ್ ಅನ್ನೂದು ಭಾಳ ಭೋಳೆ ಪ್ರಾಣಿ. ಮನಿ ವೈಫೈ ಒಳಗ ಬಂದಾವ್ರೆಲ್ಲಾ ಮನಿ ಮಂದಿನ ಅಂತ ತಿಳಕೊಂಡಿರತೈತಿ. ನೀ ಯಾರು, ಯಾಕ ಬಂದಿ ಅಂತ ಕೇಳಂಗಿಲ್ಲ. ಪ್ರಿಂಟ್ ಅಂದ್ರ ಪ್ರಿಂಟ್! ಮುಂದಿನ ಬಾಗಲಾ ಎಷ್ಟ ಗಟ್ಟಿ ಇದ್ರೇನು, ಅಜ್ಜಿ ಕೀಲಿಕೈ ಬೆಲ್ಲದ ಜೋಡಿ ಹಂಚಾಕತ್ತಿದ್ಲು.

ಟಕ್!

ನನ್ನ ತೊಡಿ ಮ್ಯಾಲಿಂದು ಮಿಸುಕಾಡಿತು. ಘರ್ರ್... ಘರ್ರ್...

"ವಿಶಾಲ ಜೈಲಿಗೂ ಹೋಗಿ ಬಂದಾನ..."

ನಾ ಜಿಗದು ನಿಂತೆ. ಈ ಮನಿ ವೈಫೈ ಗೇಟ್ ದಾಟಿ ಹೋಗಂಗಿಲ್ಲ. ಅಂದ್ರ ಕಳಿಸಿದಾವ...

ಗೇಟಿನ್ಯಾಗ ಅದಾನ!

ಪ್ರಿಂಟರ್ ಆರತಿ ಕೈಗೆ ತುರುಕಿ ಓಡಿದೆ. ನೀಲಿ ಹೆಲ್ಮೆಟ್. ಬೈಕು. ನನ್ನ ನೋಡಿದ್ದ ತಡ, ಕಿಕ್ ಹೊಡದ!

"ಏ ನಿಂದರೋ!"

ನನ್ನ ಸ್ಕೂಟಿ ಹತ್ತಿದೆ. ಧಾರವಾಡ ರೋಡ್ ಹಿಡದ. ಹಿಂದ ನಾನು. ಚಿಗರಿ ಸಿಟಿ ಬಸ್ ಬಾಜೂಕ ಹೋತು. ದುಪಟ್ಟಾ ಮಾರಿಗೆ ಬಡೀತು. ಕಣ್ಣು ಕಾಣವಲ್ದು! ಅಂವ ಮುಂದ... ಇನ್ನೂ ಮುಂದ... ಕೈ ತಪ್ಪಿದ ಅಂದೆ.

ರಾಯಾಪುರದ ಸಿಗ್ನಲ್ ಕೆಂಪಾತು.

ಅಂವ ನಿಂತ!

ಬಿಳೇ ಗೆರಿ ಹಿಂದ. ಪೊಲೀಸಿಲ್ಲ, ಅಡ್ಡ ಒಂದು ಗಾಡಿ ಇಲ್ಲ. ಆದ್ರೂ ನಿಂತ! ಇಂಥಾ ಗೂಂಡಾನ್ನ ನಾ ಜನ್ಮದಾಗ ಕಂಡಿಲ್ಲ.

ಬೈಕಿನ ಚಾವಿ ಕಿತ್ತಕೊಂಡೆ.

"ತೆಗಿ ಹೆಲ್ಮೆಟ್!"

ತೆಗದ. ಕನ್ನಡಕ. ಫೋಟೋದಾಗಿನ ಅದ ಮಾರಿ!

"ವಿಶಾಲಾ?! ಎಲಾ ಇವನ! ಬೇಲಿನ ಎದ್ದು ಹೊಲಾ ಮೇಯ್ದಂಗಾತಲ್ಲೋ! ನಿನ್ನ ಮ್ಯಾಲ ನೀನ ಮೂಗರ್ಜಿ ಬರೀತೀಯೇನು?"

"ಹೌದ್ರೀ ಅಕ್ಕಾರ..."

"ಕುಡಿತೀಯೇನು?"

"ಕಬ್ಬಿನ ಹಾಲು ಕುಡಿತೇನ್ರಿ."

"ಇಸ್ಪೀಟ?"

"ಕೇರಂ ಬರತೈತ್ರಿ... ಸ್ವಲ್ಪ."

"ಹಲ್ಲು ಉದುರಿಸಿದ್ದು?"

"ಅದೊಂದು ಖರೇ ಐತ್ರಿ. ನಾ ಹಲ್ಲಿನ ಡಾಕ್ಟರ್."

"ಮತ್ತ್ಯಾಕೋ ಈ ಉಸಾಬರಿ?"

"ಹುಡುಗಿ ನೋಡಾಕ ಹೋದಾಗ ಆಕಿ ತಲಿ ಎತ್ತಲಿಲ್ರಿ. ಕಣ್ಣಾಗ ನೀರು. ಮನಸಿಲ್ಲದ ಲಗ್ನ ಅಂತ ತಿಳಕೊಂಡೆ. ನಾ ಒಲ್ಲೆ ಅಂದ್ರ ಮಂದಿ ಏನಂತಾರ? ಹುಡುಗಿದಾಗ ಏನೋ ಐಬ ಐತಿ ಅಂತಾರ. ಅದಕ್ಕ... ಅವರ ನನ್ನ ಒಲ್ಲೆ ಅನ್ನಲಿ ಅಂತ..." ಕನ್ನಡಕ ಒರಸಿಕೊಂಡ. "ಪಾಸ್‌ವರ್ಡ್ ಅವತ್ತ ಅಜ್ಜಿ ಕೊಟ್ಟಿದ್ರು. ಬೆಲ್ಲದ ಜೋಡಿ."

ನನ್ನ ಸಿಟ್ಟೆಲ್ಲಾ ಇಳದು ಹೋತು. ಎಂಥಾ ಹುಚ್ಚಪ್ಯಾಲಿ... ಎಂಥಾ ಛಲೋ ಹುಡುಗ! ಕಣ್ಣಾಗ ನೀರು ಬಂತು. ಅಂವಗ ಕಾಣಬಾರದಂತ ಅಂವನ ಹೆಲ್ಮೆಟ್ ನಾ ಹಾಕ್ಕೊಂಡೆ.

ವಾಪಸ್ ಬಂದ್ವಿ. ಶಾಂತಯ್ಯನವರು ಗೇಟಿನ್ಯಾಗ ಗುಂಡಕಲ್ಲು ಸಮೇತ ತಯಾರಿದ್ರು.

"ಸಿಕ್ಕನೇನು?"

"ಸಿಕ್ಕಾನ್ರಿ. ಇಂವನ."

ಕಲ್ಲು ಮ್ಯಾಲೆದ್ದಿತು! ವಿಶಾಲ ಕಣ್ಣು ಮುಚ್ಚಿ ನಿಂತ. ನಾ ನಡುವ ನುಗ್ಗಿ ಇದ್ದದ್ದು ಇದ್ದಂಗ ಎಲ್ಲಾ ಒದರಿಬಿಟ್ಟೆ.

ಶಾಂತಯ್ಯನವರು ವಿಶಾಲನ ಮಾರಿ ನೋಡಿದ್ರು.

"ನನ್ನ ಮಗಳ ಹೆಸರು ಕೆಡಬಾರದಂತ... ನಿನ್ನ ಹೆಸರು ಕೆಡಿಸ್ಕೊಂಡ್ಯಾ ತಮ್ಮಾ?" ಕಲ್ಲು ಮೆಲ್ಲಕ ಕೆಳಗಿಳೀತು. "ಆದ್ರ ಆಕಿಗೆ ಖರೇನ ಮನಸಿಲ್ಲಂದ್ರ ನಾ ಒತ್ತಾಯ ಮಾಡಂಗಿಲ್ಲ. ಆರತೀ!"

ಬಾಗಲದಾಗ ನಿಂತು ಎಲ್ಲಾ ಕೇಳಿದ ಆರತಿ ಈಗ ಅಲ್ಲಿದ್ದಿಲ್ಲ.

ಒಳಗಿಂದ... ಟಕ್! ಘರ್ರ್...

ಅಜ್ಜಿ ಒಂದು ಹಾಳಿ ಹಿಡಕೊಂಡು ಬಂದ್ಲು. ದಪ್ಪ ದಪ್ಪ ಅಕ್ಷರ.

"ಅವತ್ತ ಸೀರಿ ಪಿನ್ನು ಬಿಚ್ಚಿ ಹೆಗಲಿಗೆ ಚುಚ್ಚಾಕತ್ತಿತ್ತು. ಅದಕ್ಕ ಕಣ್ಣಾಗ ನೀರು. ನನಗ ಈ ಗೂಂಡಾನ ಬೇಕು."

ಕೆಳಗ ಪೆನ್ನಿಲೆ ಸಹಿ. ಆರತಿ.

ಮೂಗರ್ಜಿಗೆ ಸಹಿ ಹಾಕಿ ಉತ್ತರಾ ಕೊಟ್ಟಾಕಿ! ವಿಶಾಲ ಅಲ್ಲೇ ಕಟ್ಟಿ ಮ್ಯಾಲೆ ಕುಂತಬಿಟ್ಟ. ಅಜ್ಜಿ ಅಂವನ ಬಾಯಾಗ ಬೆಲ್ಲಾ ಇಟ್ಲು.

ನಾ ನನ್ನ ಕೆಲಸಾ ಮುಗಿಸಿದೆ. ವೈಫೈ ಎರಡು ಮಾಡಿದೆ. ಗೆಸ್ಟ್ ವೈಫೈ ಅಜ್ಜಿ ದಾಸೋಹಕ್ಕ. ಹಾಲಿನಾವ ನೋಡ್ಲಿ, ಮೌಲಾಬಿ ನೋಡ್ಲಿ, ಪ್ರಿಂಟರ್ ಅವರಿಗೆ ಕಾಣಂಗಿಲ್ಲ. ಇನ್ನೊಂದು ಮನಿಗೆ, ಪ್ರಿಂಟರ್ ಅದರಾಗ. ಪ್ರಿಂಟರ್ ತಂದ ಬ್ಯಾರೆ ಒಂದು ಸಿಗ್ನಲ್ ಬಿಡ್ತಿತ್ತು, ವೈಫೈ ಡೈರೆಕ್ಟ್ ಅಂತ; ಆ ಹಿತ್ತಲ ಬಾಗಲಾನೂ ಬಂದ್ ಮಾಡಿದೆ. ಹೊಸಾ ಪಾಸ್‌ವರ್ಡ್ ಆರತಿ ಒಬ್ಬಾಕಿಗೆ ಹೇಳಿದೆ. ಕಿವ್ಯಾಗ!

"ಯಾರಿಗೂ ಹೇಳಬ್ಯಾಡ ತಂಗಿ. ಅಜ್ಜಿಗಂತೂ ಬ್ಯಾಡ."

"ಇಲ್ಲಕ್ಕಾ. ಆಣಿ!"

ಚಹಾ ಕುಡದು ಹೊರಬಿದ್ದೆ. ವಿಶಾಲ ಗೇಟಿಗೆ ಆತು ನಿಂತಿದ್ದ. ಕೈಯಾಗ ಫೋನು. ಒಬ್ಬನ ನಗಾಕತ್ತಿದ್ದ.

ಒಳಗಿಂದ... ಟಕ್! ಘರ್ರ್...

ನಾ ಹಾಕಿದ ಪಾಸ್‌ವರ್ಡ್ ಗೇಟಿನ ತನಕಾನೂ ಬಾಳಲಿಲ್ಲ!