ಎಂಟು ಗಂಟೆ ಒಂದು ನಿಮಿಷ

ನಮ್ಮ ಬಡಕಲು ರೇಡಿಯೋ ಕೇಂದ್ರದಲ್ಲಿ ಸಮಯ ಹೇಳುತ್ತಿದ್ದುದು ಉದ್ಘೋಷಕಿ ಅಕ್ಕನ ಧ್ವನಿಮುದ್ರಿತ ದನಿ. ಗಂಟೆ, ನಿಮಿಷಗಳ ತುಣುಕು ಜೋಡಿಸುವವನು ನಾನು. ಎಂಟಕ್ಕೆ ಬರಬೇಕಾದವರು ಒಂದೇ ನಿಮಿಷ ತಡವಾಗಿ, ಎಂಟು ಒಂದಕ್ಕೆ ಬಂದರೆಂದು ಕೇಂದ್ರದ ಸಾಹೇಬರು ಅಕ್ಕನನ್ನು ಕೆಲಸದಿಂದ ತೆಗೆದರು. ದನಿಯನ್ನು ಮಾತ್ರ ಇಟ್ಟುಕೊಂಡರು.

ಹೊರಡುವಾಗ ಅಕ್ಕ ನಕ್ಕರು. “ತಮ್ಮಾ, ಆ ‘ಒಂದು ನಿಮಿಷ’ ಅಳಿಸ್ಬಿಡು. ಅದನ್ನ ಸಾಹೇಬ್ರಿಗೆ ನಾನೇ ಬಂದು ಹೇಳ್ತೀನಿ.”

ಅಳಿಸಿ, ಆ ಜಾಗಕ್ಕೆ ಸಾಬೂನಿನ ಜಾಹೀರಾತು ಹಾಕಿದೆ. ಅದೇ ತಿಂಗಳು ಅಕ್ಕ ತೀರಿಕೊಂಡರು.

ಅಕ್ಕ ಹೋದ ಮರುದಿನ ಬೆಳಿಗ್ಗೆ ಏಳೂವರೆಗೆ ಸಾಹೇಬರು ಮೆಟ್ಟಿಲು ಹತ್ತುವುದನ್ನು ಕಿಟಕಿಯಿಂದ ಕಂಡೆ. ಅವರು ಒಳಗೆ ಕಾಲಿಟ್ಟೊಡನೆ ಸ್ಪೀಕರಿನಲ್ಲಿ ಅಕ್ಕ ಗಂಟಲು ಸರಿಮಾಡಿಕೊಂಡರು: “ಸಮಯ, ಎಂಟು ಗಂಟೆ ಒಂದು ನಿಮಿಷ.”

“ಯಾವನಯ್ಯಾ ಇದನ್ನ ಹಾಕಿದ್ದು?” ರೇಗಿದ ಸಾಹೇಬರು ಕೈಗಡಿಯಾರ ನೋಡಿ ಅದನ್ನು ಕಿವಿಗೆ ಹಿಡಿದರು. ನನ್ನ ಗಡಿಯಾರದಲ್ಲೂ ಎಂಟು ಒಂದು.

ಈಗವರು ಆರಕ್ಕೇ ಮನೆ ಬಿಡುತ್ತಾರೆ. ಅವರ ಮನೆ ಇರುವುದು ಕೇಂದ್ರದ ಎದುರು ರಸ್ತೆಯಲ್ಲೇ. ಆದರೂ ನಮ್ಮ ಬಾಗಿಲು ದಾಟುವಾಗ ಎಂಟು ಒಂದು.