ನೀರಿಳಿದ ಮೇಲೆ ಬರುತ್ತೇನೆಂದ ನೀರುನಾಯಿ

ಆ ನೀರುನಾಯಿ ಮೊದಲನೇ ಸಿನಿಮಾದಲ್ಲೇ ಸತ್ತಿತ್ತು. ಸತ್ತಿಲ್ಲ ಎಂದು ಮೈಕಿನಲ್ಲಿ ಹೇಳಿದವನು ನಾನು.

ನನ್ನ ಕೆಲಸವೇ ಅದು. ದೊಡ್ಡ ಸರೋವರದ ಲಾಂಬು ದಡದ ತಗಡಿನ ವಿಡಿಯೋ ಶೆಡ್ಡಿನಲ್ಲಿ, ಟೀವಿಯ ಪಕ್ಕ ಸ್ಟೂಲ್ ಹಾಕಿಕೊಂಡು, ಇಂಗ್ಲಿಷ್ ಸಿನಿಮಾದ ಸದ್ದು ತಗ್ಗಿಸಿ, ಅದರ ಮೇಲೆ ನಮ್ಮ ಲುಗಾಂಡಾದಲ್ಲಿ ಕಥೆ ಹೇಳುವುದು. ಗಂಡು, ಹೆಣ್ಣು, ಮಗು, ಮೊಸಳೆ, ಎಲ್ಲರ ದನಿಯೂ ನನ್ನದೇ. ಇಂಥವರನ್ನು ನಮ್ಮಲ್ಲಿ ವೀಜೆ ಅನ್ನುತ್ತಾರೆ. ಹೆಸರು ಕಾಯೀರ. ಆದರೆ ವೀಜೆ ಎಂದು ಕೂಗಿದರೆ ಮಾತ್ರ ನಾನು ತಿರುಗಿ ನೋಡುವುದು. ನನ್ನ ಇಂಗ್ಲಿಷ್ ಏಳನೇ ತರಗತಿಯದು. ಅರ್ಥವಾಗದ ಕಡೆ ಕೈಯಿಂದ ಹಾಕಿ ತುಂಬಿಸುತ್ತೇನೆ. ಆ ದಿನ ಮಾತ್ರ ಎಲ್ಲವೂ ಅರ್ಥವಾಗಿತ್ತು.

ಆರು ವರ್ಷದ ಹಿಂದಿನ ಮಾತು. ಕಾರ್ಟೂನ್ ಸಿನಿಮಾ, ಒಂದು ನೀರುನಾಯಿ ಸಂಸಾರದ ಕಥೆ. ಪ್ರವಾಹದಲ್ಲಿ ಕಿರಿಯ ಮರಿಯನ್ನು ದಡಕ್ಕೆ ತಳ್ಳಿ ಅಪ್ಪ ಮುಳುಗಿಹೋಗುತ್ತದೆ. ನಿಮ್ಮಪ್ಪ ಇನ್ನಿಲ್ಲ ಎಂದು ತಾಯಿ ಮರಿಗಳಿಗೆ ಹೇಳುತ್ತದೆ. ಅದನ್ನು ಹೇಳಲು ಬಾಯಿ ತೆರೆದವನು ಬಾಗಿಲ ಕಡೆ ನೋಡಿಬಿಟ್ಟೆ.

ಬಾಗಿಲಲ್ಲಿ ನಸ್ಸಿವಾ ಮರಗೆಣಸು ಕರಿಯುತ್ತಿದ್ದಳು. ತೊಡೆಯ ಮೇಲೆ ಐದು ವರ್ಷದ ಮಗಳು ಪೆರ್ಪೆತುವಾ. ಅದಕ್ಕೆ ಮೂರು ತಿಂಗಳ ಹಿಂದೆ ನಸ್ಸಿವಾಳ ಗಂಡ ಮುಯಿಂಗೊ ಬಲೆ ತುಂಬಿಕೊಂಡು ದ್ವೀಪಕ್ಕೆ ಹೊರಟಿದ್ದ. ಗಾಳಿಗೆ ದೋಣಿ ಮಗುಚಿತು. ಜೊತೆಗಿದ್ದ ನಾಲ್ವರ ಹೆಣ ದಡಕ್ಕೆ ಬಂದವು, ಅವನದು ಬರಲಿಲ್ಲ. ಮೇಲಾಗಿ ಮುಯಿಂಗೊ ನೀರುನಾಯಿ ಕುಲದವನು. ನಮ್ಮಲ್ಲಿ ಒಬ್ಬೊಬ್ಬರ ಕುಲಕ್ಕೂ ಒಂದೊಂದು ಪ್ರಾಣಿ. ನಾನು ಕಾಡೆಮ್ಮೆಯವನು.

"ಅಪ್ಪ ಸತ್ತಿಲ್ಲ ಮಕ್ಕಳೇ," ಎಂದೆ ಮೈಕಿನಲ್ಲಿ. "ನೀರಿನ ಜೊತೆ ಹೋಗಿದ್ದಾನೆ. ನೀರಿಳಿದ ಮೇಲೆ ಬರ್ತಾನೆ."

ಮಗು ಚಪ್ಪಾಳೆ ತಟ್ಟಿತು. ಜಾಲರಿ ಸೌಟು ಹಿಡಿದಿದ್ದ ನಸ್ಸಿವಾಳ ಕೈ ನಿಂತಿತು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ದಡದಲ್ಲಿ ಹತ್ತು ವರ್ಷ ಇದ್ದೂ ಅವಳು ನನ್ನನ್ನು ನೋಡಿದ್ದು ಅದೇ ಮೊದಲು. ಎಣ್ಣೆಯ ಹೊಗೆಯ ಹಿಂದಿನ ಆ ಎರಡು ಕಣ್ಣುಗಳಲ್ಲಿ ನಾನು ಮುಳುಗಿದೆ. ಇನ್ನೂ ಮೇಲೆ ಬಂದಿಲ್ಲ.

ಹೆಣ ಸಿಗದವನಿಗೆ ನಮ್ಮಲ್ಲಿ ಬಾಳೆದಿಂಡು ಹೂಳುತ್ತಾರೆ. ದಿಂಡನ್ನು ಮರದ ತೊಗಟೆ ಬಡಿದು ಮಾಡಿದ ತೊಗಟೆಬಟ್ಟೆಯಲ್ಲಿ ಸುತ್ತಿ, ಸತ್ತವನೇ ಎಂದು ತಿಳಿದು ಮಣ್ಣು ಕೊಡುತ್ತಾರೆ. ಆಮೇಲೆ ಹೆಂಡತಿ ಅಳಬಹುದು, ಅತ್ತು ಮುಗಿದ ಮೇಲೆ ಬದುಕಬಹುದು. ಕುಲದ ಹಿರಿಯ ಕಿಯಿಂಗಿ ಅಜ್ಜ ಪ್ರತಿ ವರ್ಷ ಬಂದು ಕೇಳುತ್ತಿದ್ದ. ಬದುಕಿರುವವನಿಗೆ ದಿಂಡು ಯಾಕೆ ಎಂದು ನಸ್ಸಿವಾ ಪ್ರತಿ ವರ್ಷ ವಾಪಸು ಕಳಿಸುತ್ತಿದ್ದಳು. ಪ್ರತಿ ರಜೆಗೂ ಜನ ಆ ಸಿನಿಮಾವನ್ನೇ ಕೇಳುತ್ತಿದ್ದರು. ನಾನು ಪ್ರತಿ ಸಲವೂ ಅದೇ ಸುಳ್ಳು ಹೇಳುತ್ತಿದ್ದೆ.

ನಡುವೆ ನಮ್ಮಿಬ್ಬರದೂ ಒಂದು ಸಿನಿಮಾ ನಡೆಯುತ್ತಿತ್ತು. ರಾಜನ ಪಾತ್ರದ ಬಾಯಲ್ಲಿ, ಯುದ್ಧ ಆಮೇಲೆ, ಮೊದಲು ಬಾಗಿಲ ಹತ್ತಿರದ ಮರಗೆಣಸು ತನ್ನಿ ಎಂದು ಹೇಳಿಸುತ್ತಿದ್ದೆ. ಶೆಡ್ಡು ನಗುತ್ತಿತ್ತು. ಅವಳು ನಗು ಕಚ್ಚಿಕೊಂಡು ನನ್ನ ಪೊಟ್ಟಣಕ್ಕೆ ಬೇಕಂತಲೇ ಖಾರ ಸುರಿಯುತ್ತಿದ್ದಳು. ಕಳ್ಳನ ದನಿ ತೆಗೆಯುವಾಗ ನನಗೆ ಕೆಮ್ಮು ಬರಬೇಕು, ಅದೇ ಅವಳ ಉದ್ದೇಶ. ಕೆಮ್ಮಿದಾಗ ನೀರಿನ ಲೋಟ ತಂದಿಡುವವಳೂ ಅವಳೇ. ಲೋಟ ಕೊಡುವಾಗ ಬೆರಳು ತಾಗಿದರೆ ಅದಕ್ಕೇನೂ ಅವಸರವಿರುತ್ತಿರಲಿಲ್ಲ.

ನಮ್ಮಲ್ಲಿ ಹೆಂಗಸನ್ನು ಮರ್ಯಾದೆಗೆ ನ್ಯಾಬೋ ಎಂದೂ ಗಂಡಸನ್ನು ಸ್ಸೆಬೋ ಎಂದೂ ಕರೆಯುತ್ತೇವೆ. ಒಂದು ಈಸ್ಟರಿಗೆ ತಡೆಯಲಾರದೆ ಕೇಳಿಯೇ ಬಿಟ್ಟೆ. "ನ್ಯಾಬೋ, ಇಲ್ಲೊಬ್ಬ ಗಂಡಸು ಕೂತಿರೋದು ನಿನಗೆ ಕಾಣ್ತಾ ಇಲ್ವಾ?"

"ಕಾಣುತ್ತೆ ಸ್ಸೆಬೋ," ಎಂದಳು. ಸೌಟಿನ ಎಣ್ಣೆಯನ್ನು ಬಾಣಲೆಗೆ ಜಾಡಿಸಿ ಹೇಳಿದಳು, "ಆದ್ರೆ ನೀರು ಇನ್ನೂ ಇಳಿದಿಲ್ಲ."

ನನ್ನದೇ ಮಾತು.

ಈ ವರ್ಷ ಎರಡನೇ ಭಾಗ ಬಂತು. ಸುದ್ದಿ ಹರಡಿ ದ್ವೀಪದಿಂದಲೂ ಜನ ಹೊರಟರು. ನಾನು ಮೊದಲು ಒಬ್ಬನೇ ಕೂತು ನೋಡಿದೆ. ತಾಯಿ ನೀರುನಾಯಿ ಒಂದು ಕಲ್ಲಿನ ಮುಂದೆ ನಿಂತು ಬೆಳೆದ ಮರಿಗಳಿಗೆ ಹೇಳುತ್ತದೆ: ಅಪ್ಪ ಅವತ್ತೇ ಸತ್ತ. ಆಮೇಲೆ ಮೇಲಿನ ಹೊಳೆಯಿಂದ ಇನ್ನೊಂದು ಗಂಡು ಬರುತ್ತದೆ, ಮರಿಗಳು ಮುನಿಸಿಕೊಳ್ಳುತ್ತವೆ, ಕೊನೆಗೆ ಎಲ್ಲರೂ ಒಂದೇ ಬಿಲದಲ್ಲಿ ಮಲಗುತ್ತಾರೆ.

ಮೂರು ದಿನ ನನಗೆ ಊಟ ಸೇರಲಿಲ್ಲ. ಇದ್ದದ್ದನ್ನು ಹೇಳಿದರೆ ಮೈಕ್ ಹಿಡಿದು ನನ್ನ ಮದುವೆಯ ಮಾತನ್ನು ನಾನೇ ಆಡಿದ ಹಾಗೆ. ನಾನು ಬಾಗಿಲ ಕಡೆ ನೋಡುವುದು ಇಡೀ ದಡಕ್ಕೆ ಗೊತ್ತು. ಮತ್ತೆ ಸುಳ್ಳು ಹೇಳಿದರೆ ಅವಳು ಇನ್ನೂ ಕಾಯುತ್ತಾಳೆ. ಅವಳ ಜೊತೆ ನಾನೂ ಕಾಯುತ್ತಾ ಆ ಸ್ಟೂಲಿನ ಮೇಲೇ ಮುದುಕನಾಗುತ್ತೇನೆ.

ಶನಿವಾರ ಮಧ್ಯಾಹ್ನ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಬೆಂಚಿನಲ್ಲಿ ಕಿಯಿಂಗಿ ಅಜ್ಜ, ಅವನ ಹಿಂದೆ ಹನ್ನೊಂದು ತುಂಬಿದ ಪೆರ್ಪೆತುವಾ, ಬಾಗಿಲಲ್ಲಿ ನಸ್ಸಿವಾ. ಟೀವಿಯಲ್ಲಿ ಕಲ್ಲಿನ ಮುಂದೆ ತಾಯಿ ನೀರುನಾಯಿ ನಿಂತಿತು. ನಾನು ಉಸಿರೆಳೆದುಕೊಂಡೆ. ದನಿ ಹೊರಡಲಿಲ್ಲ. ಇಂಗ್ಲಿಷ್ ಮಾತು ಒಂಟಿಯಾಗಿ ಹರಿದುಹೋಯಿತು.

"ವೀಜೆ, ಖಾರ ಹೆಚ್ಚಾಯ್ತಾ?" ಎಂದು ಹಿಂದಿನಿಂದ ಯಾರೋ ಕಿಚಾಯಿಸಿದರು.

ಆಗ ಪೆರ್ಪೆತುವಾ ಎದ್ದು ನಿಂತು, ತರಗತಿಯಲ್ಲಿ ಪಾಠ ಒಪ್ಪಿಸುವಂತೆ ಹೇಳಿದಳು. "ಅಪ್ಪ ಪ್ರವಾಹದಲ್ಲೇ ಸತ್ತುಹೋದ ಅಂತಿದಾಳೆ. ಅವತ್ತೇ ಹೇಳಿದ್ದೆ, ನಂಬೋಕೆ ನಿಮಗೆ ಧೈರ್ಯ ಇರಲಿಲ್ಲ ಅಂತಿದಾಳೆ."

ಹೇಳಿ ಕೂತುಬಿಟ್ಟಳು. ಮಿಕ್ಕ ಸಿನಿಮಾವನ್ನು ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಒಂದು ಮಾತನ್ನೂ ಸೇರಿಸಲಿಲ್ಲ.

ಮುಗಿದ ಮೇಲೆ ಹೊರಗೆ ಜಗಳವೋ ಜಗಳ. ಹಾಡು ಚೆನ್ನಾಗಿದೆ, ಇನ್ನೊಮ್ಮೆ ಹಾಕು ಎಂದು ಮಕ್ಕಳು. ಬಣ್ಣ ಜಾಸ್ತಿ, ಕರುಳು ಕಮ್ಮಿ, ಮೊದಲನೆಯದರ ಮುಂದೆ ಇದೇನೂ ಅಲ್ಲ ಎಂದು ಮೀನು ಒಣಗಿಸುವ ಹೆಂಗಸೊಬ್ಬಳು. ಆ ಹೊಸ ಗಂಡು ಹಿಡಿದ ಮೀನನ್ನು ಮೊದಲು ಮರಿಗಳಿಗೆ ಕೊಡುತ್ತದಲ್ಲ, ಅಂಥದ್ದು ನಮಗೂ ಒಂದು ಸಿಗಲಿ ಎಂದು ಅವಳ ಜೊತೆಗಾರ್ತಿ. ನೀರುನಾಯಿ ಕುಲದವರ ಮುಖ ಮಾತ್ರ ಕೆಂಡವಾಗಿತ್ತು.

"ದಿಂಡು ಹೂಳಲಿಲ್ಲ, ತಲೆ ಬೋಳಿಸಲಿಲ್ಲ, ನೇರ ಇನ್ನೊಬ್ಬನ ಬಿಲಕ್ಕೆ ಹೋಗೋದಾ?" ಎಂದ ಕಿಯಿಂಗಿ ಅಜ್ಜ. "ಯಾವ ಸೀಮೆ ನೀರುನಾಯಿಗಳೋ ಇವು? ನೀನು ಬರ್ತಾನೆ ಅಂದಿದ್ಯಲ್ಲೋ ವೀಜೆ. ಎಲ್ಲಿ ಬಂದ?"

ನನಗೆ ರೇಗಿತು. ಬರೆದವನನ್ನು ಹೋಗಿ ಕೇಳು ಅಜ್ಜ, ನಾನು ಬರೀ ಬಾಯಿ ಎಂದು ಕೂಗಾಡಿದೆ. ಕೂಗುತ್ತಿದ್ದಾಗಲೇ ಅದೂ ಸುಳ್ಳೆಂದು ಹೊಳೆಯಿತು. ಆ ಒಂದು ಮಾತನ್ನು ಬರೆದವನು ನಾನೇ.

ಜನ ಚದುರಿದರು. ನಸ್ಸಿವಾ ಒಲೆಯ ಬೂದಿ ಕೆದಕುತ್ತಾ ಕೂತಿದ್ದಳು. ಎಣ್ಣೆ ಆರಿತ್ತು.

"ಮೊದಲನೇದರಲ್ಲೂ ಸತ್ತೇ ಹೋಗಿತ್ತಾ?"

"ಹೌದು."

"ಮತ್ಯಾಕೆ ಹಾಗಂದೆ?"

"ನೀನು ಬಾಗಿಲಲ್ಲಿ ಕೂತಿದ್ದೆ. ಹೇಳೋಕಾಗ್ಲಿಲ್ಲ." ಉಳಿದದ್ದನ್ನೂ ಹೇಳಿದೆ. ಅವತ್ತಿನಿಂದ ಯಾವ ಸಿನಿಮಾದ ಯಾವ ಗಂಡು ಯಾವ ಹೆಣ್ಣಿಗೆ ಏನೇ ಹೇಳಿದರೂ ನಾನು ಅದನ್ನು ಅವಳಿಗೇ ಹೇಳುತ್ತಿದ್ದೆ ಎಂದೆ.

ಅವಳು ಬೂದಿಯ ಮೇಲೆ ಕಡ್ಡಿಯಿಂದ ಗೆರೆ ಎಳೆದು ಅಳಿಸಿದಳು. ಪೆರ್ಪೆತುವಾ ಬಂದು ತಾಯಿಯ ಬೆನ್ನಿಗೆ ಒರಗಿದಳು. ಶಾಲೆಯಲ್ಲಿ ಇಂಗ್ಲಿಷ್ ಬಂದ ವರ್ಷವೇ ಸಿನಿಮಾದ ಅಪ್ಪ ಸತ್ತದ್ದು ತನಗೆ ಗೊತ್ತಾಯಿತಂತೆ. ಅಮ್ಮನಿಗೆ ವೀಜೆ ಮಾಮನ ಕಥೆ ಇಷ್ಟ ಎಂದು ಸುಮ್ಮನಿದ್ದಳಂತೆ.

"ಅವನು ಬರಲ್ಲ ಅಂತ ನನಗೂ ಗೊತ್ತಿತ್ತು, ನಿನಗೋಸ್ಕರ ಸುಮ್ಮನಿದ್ದೆ," ಎಂದಳು ನಸ್ಸಿವಾ ಮಗಳಿಗೆ. "ಅಪ್ಪ ಬರ್ತಾನೆ ಅಂತ ನೀನು ಕುಣೀತಿದ್ದೆಯಲ್ಲ."

ಮೂರು ಜನ, ಒಂದೇ ಸುಳ್ಳು. ಒಬ್ಬೊಬ್ಬರೂ ಇನ್ನೊಬ್ಬರಿಗಾಗಿ ಅದನ್ನು ಸಾಕಿದ್ದೆವು.

ಮುಂದಿನ ವಾರ ಕುಲದ ಜಮೀನಿನಲ್ಲಿ ದಿಂಡು ಹೂತರು. ಕಾಡೆಮ್ಮೆ ಕುಲದವನಾದ ನಾನು ಬೇಲಿಯ ಹತ್ತಿರ ನಿಂತಿದ್ದೆ. ತೊಗಟೆಬಟ್ಟೆ ಸುತ್ತಿದ ದಿಂಡು ಎಳೆಮಗುವಿನಷ್ಟು ಹಗುರವಾಗಿ ಗುಂಡಿಗಿಳಿಯಿತು. ಮೊದಲ ಹಿಡಿ ಮಣ್ಣು ಬಿದ್ದ ಸದ್ದಿಗೆ ನಸ್ಸಿವಾ ಕುಸಿದಳು. ಅಂಥ ಅಳುವನ್ನು ನಾನು ಯಾವ ಸಿನಿಮಾದಲ್ಲೂ ಕೇಳಿರಲಿಲ್ಲ. ಆರು ವರ್ಷದಲ್ಲಿ ಅವಳು ಒಂದು ದಿನವೂ ಅತ್ತಿರಲಿಲ್ಲ ಎಂಬುದು ನನಗೆ ಆಗ ನೆನಪಾಯಿತು. ನಾನು ಕೊಟ್ಟದ್ದು ಧೈರ್ಯ ಎಂದುಕೊಂಡಿದ್ದೆ. ಅವಳ ಅಳುವನ್ನೇ ಕದ್ದು ಬಚ್ಚಿಟ್ಟಿದ್ದೆ.

ಹೊರಡುವಾಗ ಅವಳು ಬೇಲಿಯವರೆಗೆ ಬಂದಳು. ಬೋಳಿಸಿದ ತಲೆಯಲ್ಲಿ ಅವಳ ಕಿವಿಗಳು ಚಿಕ್ಕ ಹುಡುಗಿಯ ಕಿವಿಗಳಂತೆ ಕಾಣುತ್ತಿದ್ದವು.

"ಒಂದಷ್ಟು ಕಾಲ ಶೆಡ್ಡಿನ ಕಡೆ ಬರಲ್ಲ," ಎಂದಳು. "ಅಳೋದು ತುಂಬ ಇದೆ. ಅದನ್ನ ನಿನ್ನ ಮುಂದೆ ಅಳೋಕಾಗಲ್ಲ."

"ಆಮೇಲೆ?"

"ಆಮೇಲೇನು ಅಂತ ಈ ಸಲ ನೀನು ಹೇಳ್ಬೇಡ, ಸ್ಸೆಬೋ." ತುಟಿಯ ತುದಿಯಲ್ಲಿ ಹಳೆಯ ನಗು ಕಚ್ಚಿಕೊಂಡ ಗುರುತು ಒಂದು ಕ್ಷಣ ಕಂಡು ಮಾಯವಾಯಿತು. "ನೀರು ಅದರಷ್ಟಕ್ಕೆ ಇಳಿಯಲಿ."

ಮೊನ್ನೆ ರಜೆಗೆ ಮಕ್ಕಳು ಮತ್ತೆ ಮೊದಲನೇ ಸಿನಿಮಾ ಕೇಳಿದರು. ಬಾಗಿಲಲ್ಲಿ ಒಲೆಯ ಕಪ್ಪು ಗುರುತು ಮಾತ್ರ ಇತ್ತು. ಪ್ರವಾಹ ಬಂತು, ಅಪ್ಪ ಮುಳುಗಿತು, ತಾಯಿ ಮರಿಗಳ ಕಡೆ ತಿರುಗಿತು. "ನಿಮ್ಮಪ್ಪ ಇನ್ನಿಲ್ಲ ಮಕ್ಕಳೇ," ಎಂದೆ. ಮುಂದಿನ ಬೆಂಚಿನಲ್ಲಿ ಒಂದು ಮಗು ಅಳತೊಡಗಿತು, ಆಮೇಲೆ ಇನ್ನೊಂದು. ನಾನು ಸಿನಿಮಾ ನಿಲ್ಲಿಸಿ, ಮೈಕ್ ತೊಡೆಯ ಮೇಲಿಟ್ಟುಕೊಂಡು, ಅವು ಅತ್ತು ಮುಗಿಸುವವರೆಗೂ ಸುಮ್ಮನೆ ಕೂತಿದ್ದೆ.